ಕೊಂಬುಚಾಗೆ ಹೆಪ್ಪು: ಎಲ್ಲಿಂದ ತರೋದು?

ಮೊಸರಿನ ಹೆಪ್ಪಾದರೆ ಲೋಟ ಹಿಡಿದು ಪಕ್ಕದ ಮನೆಗೆ ಹೋದರೆ ಸಾಕು. ಕೊಂಬುಚಾ ಅಂದರೆ ಸಿಹಿ ಟೀಯನ್ನು ಹುಳಿ ಬರಿಸಿ ಮಾಡುವ ಪಾನೀಯ. ತುಮಕೂರಿನಲ್ಲಿ ಅದರ ಹೆಪ್ಪು ಕೇಳಿದರೆ "ಅದೇನಮ್ಮಾ ಅದು?" ಅಂತಾರೆ. ನನಗೆ ಕಂಡದ್ದು ಮೂರು ದಾರಿ.

ಆನ್‌ಲೈನ್‌ನಲ್ಲಿ ತರಿಸುವುದು ಸುಲಭ. ಸ್ಕೋಬಿ, ಅಂದರೆ ಸೆಟ್ ದೋಸೆಯಂಥ ಬಿಳಿ ಪದರ, ಪೊಟ್ಟಣದಲ್ಲಿ ಬರುತ್ತದೆ. ಆದರೆ ಜೊತೆಗೆ ಹುಳಿ ನೀರು, ಅಂದರೆ ಹಿಂದಿನ ಸಲ ಮಾಡಿದ ಹುಳಿ ಕೊಂಬುಚಾ, ಎಷ್ಟು ಕೊಡುತ್ತಾರೆ ಅಂತ ಮೊದಲೇ ಕೇಳಿ. ಏಪ್ರಿಲ್‌ನಲ್ಲಿ ನನಗೆ ಬಂದ ಪೊಟ್ಟಣದಲ್ಲಿ ಎರಡು ಚಮಚವೂ ಇರಲಿಲ್ಲ. ಐದನೇ ದಿನ ಜಾಡಿಯ ಮೇಲೆ ಹಸಿರು ಬೂಷ್ಟು! ಪದರ ಸಮೇತ ಎಲ್ಲ ಚೆಲ್ಲಿದೆ. ನಿಜವಾದ ಹೆಪ್ಪು ಆ ಹುಳಿ ನೀರೇ ಅಲ್ವಾ? ಒಂದು ಲೀಟರ್ ಸಿಹಿ ಟೀಗೆ 100ರಿಂದ 200 ಎಂ.ಎಲ್. ಬೇಕು. ಬೂಷ್ಟನ್ನು ದೂರ ಇಡುವುದು ಆ ಹುಳಿಯೇ.

ಅಂಗಡಿಯ ಕೊಂಬುಚಾ ಬಾಟಲಿಯಿಂದಲೂ ಹೆಪ್ಪು ಬೆಳೆಸಬಹುದು. ಪಾಶ್ಚರೀಕರಿಸದ (ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲದ), ಶುಂಠಿ, ಹಣ್ಣು ಏನೂ ಸೇರಿಸದ ಬಾಟಲಿಯೇ ಆಗಬೇಕು. ತಳದಲ್ಲಿ ಮಡ್ಡಿ ಕಂಡರೆ ಒಳ್ಳೆಯದು. ಆರಿದ ಸಿಹಿ ಟೀ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ, ಅಲ್ಲಾಡಿಸದೆ ಎರಡು ಮೂರು ವಾರ ಬಿಡಿ. ತಾಳ್ಮೆ ಇದ್ದವರಿಗೆ ಮಾತ್ರ.

ನನ್ನ ಓಟು ಮನೆಯಲ್ಲಿ ಮಾಡುವವರಿಗೆ. ಅಂಥವರು ಬೆಂಗಳೂರಿನಲ್ಲಿ ಸಿಗುತ್ತಾರೆ, ಇಲ್ಲಿಂದ ಸುಮಾರು 70 ಕಿ.ಮೀ. ಅಷ್ಟೆ. ಪ್ರತಿ ಸಲ ಹೊಸ ಪದರ ಹುಟ್ಟುತ್ತದೆ, ಅವರಿಗೂ ಜಾಸ್ತಿಯಾಗಿರುತ್ತದೆ, ಸುಮ್ನೆ ಕೊಡುತ್ತಾರೆ. ಪದರ ಚಿಕ್ಕದಾದರೂ ಪರವಾಗಿಲ್ಲ, ಹುಳಿ ನೀರು ಧಾರಾಳವಾಗಿ ಕೇಳಿ. ಬಸ್ಸಿನಲ್ಲಿ ಬಾಟಲಿಯ ಮುಚ್ಚಳ ಆಗಾಗ ಸಡಿಲಿಸಿ. ನನ್ನ ಬ್ಯಾಗು ಇನ್ನೂ ವಿನೆಗರ್ ವಾಸನೆ ಹೊಡೆಯುತ್ತಿದೆ.