ಮಣ್ಣಿನ ಟ್ರ್ಯಾಕಿನ ಜಿಪ್ಸಿಗೆ ಹುಬ್ಬಳ್ಳಿಯ ಕಮಾನು ಪಟ್ಟಿ ಅಂಗಡಿ: ಯಾವ ಕೆಲಸ ಕೊಡಬೇಕು, ಯಾವುದು ಬೇಡ

ಗೋಕುಲ ರಸ್ತೆ ಕಡೆಯ ಈ ಪಟ್ಟಿ (ಲೀಫ್ ಸ್ಪ್ರಿಂಗ್) ಅಂಗಡಿಯ ಅನ್ನ ಲಾರಿ, ಟ್ರೇಲರ್‌ಗಳದ್ದು. ಮಾರುತಿ ಜಿಪ್ಸಿ ಒಯ್ದು ನಿಲ್ಲಿಸಿ ‘ಹಿಂದಿನ ಚಕ್ರ ಮಣ್ಣಾಗ ಸುಮ್ನ ತಿರಗತಾವ’ ಅಂದರೆ ಮಿಸ್ತ್ರಿಯ ಮೊದಲ ಮಾತು, “ಇನ್ನೊಂದ್ ಪಟ್ಟಿ ಹಾಕೂಣೇನ್ರಿ ಸಾಹೇಬ್ರ?” ಬೇಡ ಅನ್ನಿ. ಲಾರಿಗೆ ಬೇಕಾದದ್ದು ಭಾರಕ್ಕೆ ಕುಸಿಯದ ಬಿಗಿ. ರೇಸಿನ ಗಾಡಿಗೆ ಬೇಕಾದದ್ದು ಚಕ್ರ ನೆಲ ಬಿಡದಿರುವುದು. ಹಿಂದಿನ ಪಟ್ಟಿ ಬಿಗಿಯಾದಷ್ಟೂ ಗುಂಡಿ ಸಾಲಿನ ಮೇಲೆ ಟೈರು ಕುಣಿಯುತ್ತದೆ, ಗಾಳಿಯಲ್ಲಿರುವ ಟೈರು ಗಾಡಿಯನ್ನು ದೂಡುವುದಿಲ್ಲ.

ಪಟ್ಟಿ ಬದಲಿಸುವುದೇ ಆದರೆ ಎಣಿಕೆಗಿಂತ ದಪ್ಪ ನೋಡಿ. ಒಂದು ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: 6 ಮಿ.ಮೀ. ಇದ್ದಲ್ಲಿ ಅಷ್ಟೇ ಉದ್ದ, ಅಗಲದ 8 ಮಿ.ಮೀ. ಪಟ್ಟಿ ಹಾಕಿದರೆ ಆ ಒಂದು ಪಟ್ಟಿ ಸುಮಾರು 2.4 ಪಟ್ಟು ಬಿಗಿ. ‘ಸ್ವಲ್ಪ ದಪ್ಪ ಅಷ್ಟ ರೀ’ ಎಂದು ಬೇರೆ ಗಾಡಿಯ ಪಟ್ಟಿ ಕತ್ತರಿಸಿ ಸೇರಿಸುವ ರೂಢಿ ಇಲ್ಲಿದೆ, ಒಪ್ಪಬೇಡಿ. ಒಣಗಿ ಜಾರುವ ಟ್ರ್ಯಾಕಿಗೆ ಹಿಂಭಾಗ ಮೆತ್ತಗಿರಲಿ. ನೀರು ಹೊಡೆದು ಅಂಟಿಕೊಳ್ಳುವ ಮಣ್ಣಿನಲ್ಲಿ ಗಾಡಿ ಹೆಚ್ಚು ವಾಲುವುದರಿಂದ ತುಸು ಬಿಗಿ ನಡೆಯುತ್ತದೆ. ನವಲಗುಂದ ಕಡೆಯ ಎರಿ ಮಣ್ಣಿಗೂ ಧಾರವಾಡದ ಪಶ್ಚಿಮಕ್ಕೆ ಸಿಗುವ ಕೆಂಪು ಮಸಾರಿಗೂ ಒಂದೇ ಸೆಟ್ಟಿಂಗ್ ಹೊಂದದು.

ಬಾಗು ಕಳೆದುಕೊಂಡ ಪಟ್ಟಿಯನ್ನು ಮತ್ತೆ ಬಾಗಿಸುವ ಕೆಲಸದಲ್ಲಿ ಅಂಗಡಿಗೆ ಅರ್ಧ ಅಂಕ. ತಣ್ಣಗಿದ್ದಾಗಲೇ ಸುತ್ತಿಗೆಯಿಂದ, ಇಂಚಿಂಚಾಗಿ ಬಾಗಿಸುವ ಹಿರಿಯ ಮಿಸ್ತ್ರಿಯ ಕೈ ನಿಜಕ್ಕೂ ಛಲೋ ಇದೆ. ಅವಸರ ಮಾಡಿದರೆ ಮಾತ್ರ ಹುಡುಗರು ಗ್ಯಾಸ್ ಬೆಂಕಿ ಹಿಡಿಯುತ್ತಾರೆ. ಸ್ಪ್ರಿಂಗ್ ಉಕ್ಕನ್ನು ಕೆಂಪಗೆ ಕಾಸಿ ಹಾಗೇ ಆರಲು ಬಿಟ್ಟರೆ ಅದರ ಹದ ಹೋಗುತ್ತದೆ, ಕೆಲವೇ ಓಟಗಳಲ್ಲಿ ಆ ಬದಿ ಕುಸಿಯುತ್ತದೆ. ಕಾಸಲೇಬೇಕಾದರೆ 850–900 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 450–500 ಡಿಗ್ರಿಯಲ್ಲಿ ಹದ ಮಾಡಬೇಕು. ಆ ಕುಲುಮೆ ಇಲ್ಲಿಲ್ಲ. ಕೆಲಸ ಮುಗಿದ ಮೇಲೆ ಪಟ್ಟಿಯ ಎರಡು ಕಣ್ಣುಗಳ (ತುದಿಯ ಸುರುಳಿಗಳ) ನಡುವೆ ದಾರ ಎಳೆದು, ದಾರದಿಂದ ದೊಡ್ಡ ಪಟ್ಟಿಯವರೆಗಿನ ಎತ್ತರ ಅಳೆಯಿರಿ. ಎಡ-ಬಲ ವ್ಯತ್ಯಾಸ 3 ಮಿ.ಮೀ. ಮೀರಬಾರದು. ಪಟ್ಟಿಗಳ ತುದಿಯ ಚೂಪು ಅಂಚನ್ನು ಗ್ರೈಂಡರ್‌ನಿಂದ ದುಂಡಗೆ ಮಾಡಿಸಿ, ಇಲ್ಲದಿದ್ದರೆ ಒಂದು ಇನ್ನೊಂದನ್ನು ಕೊರೆಯುತ್ತದೆ. ನಡುವೆ ಗ್ರೀಸ್ ಮೆತ್ತುವುದನ್ನು ತಡೆಯಿರಿ: ಎರಿ ಧೂಳು ಸೇರಿದ ಗ್ರೀಸ್ ಉಜ್ಜುವ ಪೇಸ್ಟ್ ಆಗುತ್ತದೆ. ಒಣ ಗ್ರಾಫೈಟ್ ಪುಡಿ ಸಾಕು.

ಇನ್ನು ಮುಖ್ಯ ವಿಷಯ. ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂಭಾಗ ಡಬಡಬ ಜಿಗಿಯುತ್ತಿದ್ದರೆ ಅದು ಪಟ್ಟಿಯ ಮೆದುತನದ ದೋಷವೆಂದು ಇಲ್ಲಿ ಹೇಳುತ್ತಾರೆ. ಅರ್ಧ ಸತ್ಯ. ಚಕ್ರ ಮುಂದಕ್ಕೆ ತಿರುಗುವಾಗ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ, ಪಿನಿಯನ್ ಮೂಗು (ಎಂಜಿನ್ ಕಡೆಯ ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಮುಂದಿನ ತುದಿ) ಮೇಲೇಳುತ್ತದೆ, ಪಟ್ಟಿ ಹಾವಿನಂತೆ ಎರಡು ಕಡೆ ಬಾಗಿ ಮತ್ತೆ ಚಿಮ್ಮುತ್ತದೆ. ಆ ತಿರುಚನ್ನು ತಡೆಯುವುದು ಪಟ್ಟಿಯ ಮುಂದಿನ ಅರ್ಧ. ಆದ್ದರಿಂದ ಆಕ್ಸಲ್‌ನಿಂದ ಮುಂದಿನ ಕಣ್ಣಿನವರೆಗೆ ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ಪುಗಳನ್ನು ಬಿಗಿ ಮಾಡಿಸಿ, ಹಿಂದಿನವನ್ನು ಸಡಿಲ ಬಿಡಿಸಿ. ಪೈಸೆ ಖರ್ಚಿಲ್ಲದ ಈ ಬದಲಾವಣೆಯನ್ನೇ ಮೊದಲು ಪರೀಕ್ಷಿಸಬೇಕು.

ಸಾಲದಿದ್ದರೆ ಪಟ್ಟಿಗೂ ಆಕ್ಸಲ್‌ಗೂ ನಡುವೆ ಕೂರಿಸಿ ಪಿನಿಯನ್ ಮೂಗನ್ನು 2 ಡಿಗ್ರಿಯಷ್ಟು ಕೆಳಗಿಳಿಸುವ ಓರೆ ತುಂಡು ಹಾಕಿಸಿ. ಇಲ್ಲಿ ಒಂದು ಎಡವಟ್ಟು ಕಾದಿದೆ. ಕಂಪನಿಯಿಂದ ಬಂದ ಜಿಪ್ಸಿಯಲ್ಲಿ ಪಟ್ಟಿ ಆಕ್ಸಲ್‌ನ ಕೆಳಗಿರುತ್ತದೆ, ಲಾರಿಯಲ್ಲಿ ಮೇಲೆ. ಲಾರಿಯ ಅಭ್ಯಾಸದಲ್ಲಿ ಓರೆ ತುಂಡನ್ನು ತಿರುಗಾ ಕೂರಿಸಿದರೆ ಮೂಗು ಇನ್ನೂ ಮೇಲೇರುತ್ತದೆ. ಜಿಪ್ಸಿಗೆ ದಪ್ಪ ತುದಿ ಹಿಂದಕ್ಕೆ. ಪಟ್ಟಿಯನ್ನು ಆಕ್ಸಲ್ ಮೇಲಕ್ಕೆ ಬದಲಿಸಿದ ಗಾಡಿಗೆ ದಪ್ಪ ತುದಿ ಮುಂದಕ್ಕೆ. ಸುಣ್ಣದ ಕಡ್ಡಿಯಿಂದ ಬಾಣ ಬರೆದು ಕೊಡಿ. ತುಂಡು ಉಕ್ಕಿನದೇ ಇರಲಿ, ಅಲ್ಯೂಮಿನಿಯಂ ಬಡಿತಕ್ಕೆ ಒಡೆಯುತ್ತದೆ. ಜೊತೆಗೆ ಪಟ್ಟಿಗಳನ್ನು ನಡುವಿನಲ್ಲಿ ಪೋಣಿಸುವ ಸೆಂಟರ್ ಬೋಲ್ಟ್ ಉದ್ದನೆಯದು ಹಾಕಿಸಿ: ಅದರ ತಲೆ ಆಕ್ಸಲ್‌ನ ರಂಧ್ರದಲ್ಲಿ ಪೂರ್ತಿ ಕೂರದಿದ್ದರೆ ಒಂದು ಬದಿಯ ಆಕ್ಸಲ್ ಹಿಂದೆ ಸರಿದು ಗಾಡಿ ಓರೆ ಓಡುತ್ತದೆ. ಎತ್ತರ ಬೇಕೆಂದು ಹಿಂದೆ ಉದ್ದ ಶಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ನೇತುಹಾಕುವ ಕೊಂಡಿ) ಹಾಕಿಸಿಕೊಂಡವರ ಪಿನಿಯನ್ ಮೂಗು ಆಗಲೇ ಮೇಲೆ ಹೋಗಿರುತ್ತದೆ, ಅವರು ಮೊದಲು ಅದನ್ನು ಬಿಚ್ಚಲಿ.

ತಿರುಚು ತಡೆಯುವ ಸರಳು ಮಾಡಿಸಲು ಮಾತ್ರ ಈ ಅಂಗಡಿಗೆ ಹೋಗಬೇಡಿ. ಆಕ್ಸಲ್‌ಗೂ ಚಾಸಿಗೂ ಪೈಪಿನ ಎರಡೂ ತುದಿ ನೇರ ಬೋಲ್ಟ್ ಹೊಡೆದು ಕೊಡುತ್ತಾರೆ. ಆಕ್ಸಲ್ ಏರಿಳಿಯುವಾಗ ಸರಳಿನ ದಾರಿಯೇ ಬೇರೆ, ಪಟ್ಟಿಯ ದಾರಿಯೇ ಬೇರೆ. ಎರಡೂ ಜಗ್ಗಾಡಿ ಕೊನೆಗೆ ಬ್ರ್ಯಾಕೆಟ್ ಕಿತ್ತುಬರುತ್ತದೆ. ಮುಂದಿನ ತುದಿ ಗಿಡ್ಡ ಶಾಕಲ್‌ನಲ್ಲಿ ನೇತಾಡಬೇಕು, ಕೀಲುಗಳು ಅಡ್ಡಕ್ಕೂ ವಾಲುವಂತಿರಬೇಕು. ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಚಿತ್ರ ನೋಡಿ ಕೆಲಸ ಮಾಡುವ ಫ್ಯಾಬ್ರಿಕೇಷನ್‌ನವರು ಸಿಗುತ್ತಾರೆ.

ಪಟ್ಟಿಯ ಕಣ್ಣಿನೊಳಗಿನ ಬುಷ್ ಬದಲಿಸುವುದರಲ್ಲಿ ಅಂಗಡಿಯವರ ಕೈ ಸ್ವಚ್ಛ. ಮುಂದಿನ ಕಣ್ಣಿಗೆ ಪಾಲಿಯುರೆಥೇನ್ ಒಪ್ಪಬಹುದು, ಶಾಕಲ್ ಕಡೆ ರಬ್ಬರೇ ಇರಲಿ. ಗಾಡಿ ಜಾಕ್ ಮೇಲಿರುವಾಗ ನಟ್ಟು ಬಿಗಿದುಬಿಡುವುದು ಇವರ ಚಾಳಿ. ಹಾಗೆ ಬಿಗಿದರೆ ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಗಾಡಿ ನೆಲದ ಮೇಲೆ ನಿಂತ ನಂತರವೇ ಕೊನೆಯ ಬಿಗಿ.

ತೂಕ ಹಂಚಿಕೆ ಈ ಅಂಗಡಿಯ ಲೆಕ್ಕದಲ್ಲೇ ಇಲ್ಲ. ನೀವೇ ಮಾಡಿಕೊಳ್ಳಬೇಕು. ಜಿಪ್ಸಿ ಸುಮಾರು ಒಂದು ಟನ್ನಿನದು, ಅಮರಗೋಳ ಎಪಿಎಂಸಿ ಕಡೆ ಚೀಲ ತೂಗುವ 500 ಕೆ.ಜಿ. ತಕ್ಕಡಿ ಒಂದು ಚಕ್ರಕ್ಕೆ ಧಾರಾಳ. ಒಂದೇ ತಕ್ಕಡಿ ಇದ್ದರೆ ಉಳಿದ ಮೂರು ಚಕ್ರಕ್ಕೆ ಅಷ್ಟೇ ಎತ್ತರದ ಮರದ ದಿಮ್ಮಿ ಇಡಿ, ಚಾಲಕ ಸೀಟಿನಲ್ಲಿರಲಿ. ಹಿಂದಿನ ಎಡ, ಮುಂದಿನ ಬಲ ಕೂಡಿಸಿದರೆ ಒಟ್ಟು ತೂಕದ ಅರ್ಧದ ಹತ್ತಿರ ಬರಬೇಕು. ಅಮೆರಿಕದ ಓವಲ್ ಟ್ರ್ಯಾಕಿನವರು ಹಿಂದಿನ ಎಡಕ್ಕೆ ಹೆಚ್ಚು ಭಾರ ಹಾಕುತ್ತಾರೆ, ಬಲಕ್ಕೆ ದೊಡ್ಡ ಟೈರು ಹಾಕುತ್ತಾರೆ. ಅವರು ತಿರುಗುವುದು ಎಡಕ್ಕೆ ಮಾತ್ರ. ಎರಡೂ ಕಡೆ ತಿರುವಿರುವ ನಮ್ಮ ಆಟೊಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನ ಓಟಕ್ಕೆ) ಆ ವಿಡಿಯೊ ನೋಡಿ ನಕಲು ಮಾಡಿದರೆ ಬಲ ತಿರುವಿನಲ್ಲಿ ಸಿಗುವುದು ಬರೀ ಧೂಳು. ವ್ಯತ್ಯಾಸ ಸರಿಪಡಿಸಲು ಎರಡು-ಮೂರು ರಂಧ್ರಗಳ ಶಾಕಲ್ ಪ್ಲೇಟ್ ಕೊರೆಯಿಸಿ: ಶಾಕಲ್‌ನಲ್ಲಿ 12 ಮಿ.ಮೀ. ಬದಲಾದರೆ ಆ ಮೂಲೆ ಸುಮಾರು 6 ಮಿ.ಮೀ. ಏರಿಳಿಯುತ್ತದೆ. ಈ ಪ್ಲೇಟನ್ನು ಅಂಗಡಿಯವರು ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ.

ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಕಂಪನಿಯ ಓಪನ್ (ಲಾಕ್ ಇಲ್ಲದ) ಮಾದರಿಯದೇ ಆಗಿದ್ದರೆ ತಿರುವಿನಲ್ಲಿ ಒಳ ಚಕ್ರ ಸ್ವಲ್ಪ ಸುಮ್ಮನೆ ತಿರುಗಿಯೇ ತಿರುಗುತ್ತದೆ, ಅದರ ಬೈಗುಳ ಪಟ್ಟಿಯವನಿಗೆ ಬೇಡ. ಸ್ಪರ್ಧೆಗೆ ಇಳಿಯುವವರು ನಿಮ್ಮ ವರ್ಗಕ್ಕೆ ಯಾವ ಬದಲಾವಣೆ ಸಲ್ಲುತ್ತದೆಂದು ದೇಶದ ಮೋಟಾರು ಕ್ರೀಡೆ ನಡೆಸುವ ಒಕ್ಕೂಟ ಎಫ್‌ಎಂಎಸ್‌ಸಿಐನ ನಿಯಮ ಓದಿಕೊಂಡೇ ದುಡ್ಡು ಬಿಚ್ಚಿ.

ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ನ ಅಳತೆ ಕೊಟ್ಟರೆ ಹೊಸದನ್ನು ಅಲ್ಲೇ ಬಾಗಿಸಿ, ಆಟೆ (ಥ್ರೆಡ್) ಹಾಕಿ ಕೊಡುತ್ತಾರೆ. ಅಂಗಡಿಯ ಅತ್ಯುತ್ತಮ ಕೆಲಸ ಇದೇ. ಹಳೆಯದನ್ನು ಮತ್ತೆ ಬಿಗಿಯಲು ಬಿಡಬೇಡಿ. ಮೊದಲ ಓಟ ಮುಗಿಸಿ ಬಂದ ಕೂಡಲೇ ನಾಲ್ಕನ್ನೂ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿಯಿರಿ, ಹೊಸ ಬೋಲ್ಟ್ ಒಂದಿಷ್ಟು ಸಡಿಲಾಗಿಯೇ ಇರುತ್ತದೆ.