ನಾಯಿ ಕಾಣೆಯಾದಾಗ: ನಡೆದು ಹುಡುಕುವುದೋ, ವಾಟ್ಸ್‌ಆ್ಯಪ್ ಪ್ರಕಟಣೆಯೋ?

ದೀಪಾವಳಿಯ ಪಟಾಕಿ ಸದ್ದಿಗೆ ಬೆದರಿ ಓಡಿದ ನಾಯಿ ಎಷ್ಟೋ ಸಲ ಹತ್ತಿರದಲ್ಲೇ, ನಿಂತ ಕಾರಿನಡಿಯಲ್ಲೋ ಮೋರಿಯ ಸಂದಿಯಲ್ಲೋ ಮುದುಡಿ ಕುಳಿತಿರುವುದರಿಂದ, ಮೊದಲ ಕೆಲವು ಗಂಟೆಗಳಲ್ಲಿ ವಾಟ್ಸ್‌ಆ್ಯಪ್ ಪ್ರಕಟಣೆಗಿಂತ ಟಾರ್ಚ್ ಹಿಡಿದು ನಡೆದು ಹುಡುಕುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಬೀದಿ ನಿಶ್ಶಬ್ದವಾಗಿರುವ ಬೆಳಗಿನ ಜಾವ ಮನೆಯವರು ಮೆಲ್ಲಗೆ ಹೆಸರು ಹಿಡಿದು ಕರೆಯಬೇಕು. ಹಾಲು ಹಾಕುವವರನ್ನೂ ಪೌರಕಾರ್ಮಿಕರನ್ನೂ ವಿಚಾರಿಸಲು ಅದೇ ಸರಿಯಾದ ಹೊತ್ತು. ಪ್ರಕಟಣೆ ದೂರಕ್ಕೆ ತಲುಪುತ್ತದೆ, ಆದರೆ ಹಣ ಕೇಳುವ ವಂಚಕರನ್ನೂ ಕರೆತರುತ್ತದೆ. ಆದ್ದರಿಂದ ನಾಯಿ ಸಿಕ್ಕಿದೆ ಎನ್ನುವವರನ್ನು ಪರೀಕ್ಷಿಸಲು ಎಡಗಿವಿಯೊಳಗಿನ ಬಿಳಿ ಮಚ್ಚೆಯಂಥ ಒಂದು ಗುರುತನ್ನು ಪ್ರಕಟಣೆಯಲ್ಲಿ ಬರೆಯದೆ ಉಳಿಸಿಕೊಳ್ಳಿ. ಕಳವಿನ ಅನುಮಾನವಿದ್ದರೆ ಇವೆರಡೂ ಸಾಲವು: ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ ಪಡೆದು, ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಠಾಣೆಗೆ ಲಿಖಿತ ದೂರು ಕೊಡಿ. ಚರ್ಮದಡಿ ಹಾಕಿಸಿದ ಗುರುತಿನ ಮೈಕ್ರೋಚಿಪ್ ಇದ್ದರೆ, ಅದು ನಾಯಿ ಎಲ್ಲಿದೆಯೆಂದು ತೋರಿಸದಿದ್ದರೂ, ಅದರ 15 ಅಂಕಿಗಳ ಸಂಖ್ಯೆಯನ್ನು ದೂರಿನಲ್ಲಿ ತಪ್ಪದೆ ನಮೂದಿಸಿ.