ಬಾಂಡ್ ಚಿತ್ರಗಳು: ಡಿವಿಡಿಯೋ, ಬ್ಲೂ-ರೇಯೋ, 4ಕೆಯೋ?

ಜೇಮ್ಸ್ ಬಾಂಡ್ ಚಿತ್ರಗಳ ಯಾವ ಡಿಸ್ಕ್ ಕೊಳ್ಳಲಿ ಎಂದು ಕಾರವಾರದಿಂದ ತಂಗಿಯ ಮಗ ಕೇಳಿದ್ದಾನೆ. 1962ರಿಂದ 2021ರವರೆಗೆ ಮೂಲ ಸರಣಿಯಲ್ಲೇ 25 ಚಿತ್ರಗಳಿವೆ, ಅವಸರ ಬೇಡ.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಡಿವಿಡಿ. 2006ರ ಅಲ್ಟಿಮೇಟ್ ಎಡಿಷನ್‌ಗಳಲ್ಲಿ ಚಿತ್ರಕ್ಕೊಂದು, ತೆರೆಮರೆಯ ಸಂಗತಿಗಳಿಗೊಂದು ಡಿಸ್ಕ್ ಇದೆ. ಆ ಎರಡನೆಯದು ನನಗೆ ಬಲು ಪ್ರಿಯ. ಆದರೆ ನಮ್ಮಲ್ಲಿ ನಡೆಯುವ ಪಾಲ್ (PAL) ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಚಿತ್ರ ತುಸು ವೇಗವಾಗಿ ಓಡುತ್ತದೆ: ಎರಡು ತಾಸಿನದು ಸುಮಾರು 5 ನಿಮಿಷ ಮೊದಲೇ ಮುಗಿಯುತ್ತದೆ, ಸಂಗೀತದ ಶ್ರುತಿಯೂ ಏರಬಹುದು. ಬ್ಲೂ-ರೇಯಲ್ಲಿ ಈ ತೊಂದರೆ ಇಲ್ಲ. ಚಿತ್ರ ಮೂಡಿಸುವ ಅಡ್ಡಗೆರೆಗಳೂ ಡಿವಿಡಿಯ 576ರ ಬದಲು 1080. ಕೋಟಿನ ನೇಯ್ಗೆಯೂ ಕಾಣುತ್ತದೆ. 2160 ಗೆರೆಗಳ 4ಕೆಯ ಸೊಗಸು ಮನೆಯಲ್ಲಿ ದೊಡ್ಡ ಪರದೆಯಿದ್ದರೆ ಮಾತ್ರ ತಿಳಿಯುತ್ತದೆ.

ಹೊರದೇಶದಿಂದ ತರಿಸುವುದಾದರೆ ಪ್ರದೇಶ ಸಂಕೇತ (ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆಂಬ ಗುರುತು) ನೋಡು. ಭಾರತಕ್ಕೆ ಡಿವಿಡಿಯಲ್ಲಿ 5, ಬ್ಲೂ-ರೇಯಲ್ಲಿ ಸಿ. 4ಕೆ ಡಿಸ್ಕ್‌ಗೆ ಆ ಗೊಡವೆಯಿಲ್ಲ.

ಮಳೆಗಾಲದ ತೇವ ಮೂರಕ್ಕೂ ಒಂದೇ. ಕಳೆದ ಆಷಾಢದಲ್ಲಿ ನನ್ನ ಒಂದು ಡಿಸ್ಕ್ ಮೇಲೆ ಬಿಳಿ ಬೂಸಲು ಎಳೆಎಳೆಯಾಗಿ ಹಬ್ಬಿತ್ತು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಿ ಉಜ್ಜಬಾರದು.

ಹಳೆಯ ಪ್ಲೇಯರ್, ಸಣ್ಣ ಟಿವಿ ಇದ್ದರೆ ಡಿವಿಡಿಯೇ ಸಾಕು. ಇಡೀ ಸರಣಿಯನ್ನು ವರ್ಷ ವರ್ಷ ನೋಡುವವನಾದರೆ ಬ್ಲೂ-ರೇ. ಡೇನಿಯಲ್ ಕ್ರೇಗ್‌ನ 5 ಚಿತ್ರಗಳಷ್ಟೇ ಬೇಕೆಂದರೆ, ಪರದೆಯೂ ದೊಡ್ಡದಿದ್ದರೆ, 4ಕೆಗೆ ಖರ್ಚು ಮಾಡು; ಅದರ ಪ್ಲೇಯರ್‌ನಲ್ಲಿ ನಿನ್ನ ಹಳೆಯ ಬ್ಲೂ-ರೇಗಳೂ ಓಡುತ್ತವೆ.